ಥೈರಾಯ್ಡ್ ಗಂಟು: ಯಾವ ರಿಪೋರ್ಟು ಏನನ್ನು ಹೇಳುತ್ತದೆ

ಮಲೆನಾಡಿನವರಿಗೆ ಕುತ್ತಿಗೆಯ ಗಂಟು ಹೊಸತಲ್ಲ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಇಂಥ ಮಳೆ ಕಾಲಾಂತರದಿಂದ ತೊಳೆಯುತ್ತ ಬಂದ ಮಣ್ಣಿನಲ್ಲಿ ಅಯೋಡಿನ್ ಉಳಿಯುವುದು ಕಷ್ಟ. ಮಣ್ಣಿನಲ್ಲಿ ಇಲ್ಲದ್ದು ಅಲ್ಲಿ ಬೆಳೆದ ಅಕ್ಕಿಯಲ್ಲೂ ಸೊಪ್ಪಿನಲ್ಲೂ ಇರುವುದಿಲ್ಲ. ಅಯೋಡಿನ್ ಸಾಲದೆ ಬಂದಾಗ ಥೈರಾಯ್ಡ್ ಗ್ರಂಥಿ ಸಿಕ್ಕಷ್ಟನ್ನೂ ಹಿಡಿದಿಡಲು ಹಿಗ್ಗುತ್ತದೆ. ನಮ್ಮ ಅಜ್ಜಿಯಂದಿರ ಕಾಲದ ಗಳಗಂಡದ ಹಿಂದಿದ್ದ ದೊಡ್ಡ ಕಾರಣ ಇದು. 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಶುರುವಾಯಿತು, ನಿಧಾನಕ್ಕೆ ಅಯೋಡಿನ್ ಬೆರೆಸಿದ ಉಪ್ಪು ಮನೆಮನೆಗೆ ಬಂತು. ಕತ್ತು ತುಂಬಿಕೊಂಡಿರುವ ಆ ಹಳೆಯ ಗಳಗಂಡ ಈಗ ಕಾಣಸಿಗುವುದು ಕಡಿಮೆ.

ಹಾಗಿದ್ದರೂ ಆ ಕಾಲದ ಧೈರ್ಯವೊಂದು ಕೆಲವರಲ್ಲಿ ಉಳಿದಿದೆ: "ನಮ್ಮಮ್ಮಂಗೂ ಇತ್ತು, ಏನೂ ಆಗ್ಲಿಲ್ಲ, ಇರ್ಲಿ ಬಿಡಿ." ಅವರ ಮಕ್ಕಳದ್ದು ಇದಕ್ಕೆ ತದ್ವಿರುದ್ಧ. ಸ್ಕ್ಯಾನಿಂಗ್ ರಿಪೋರ್ಟಿನಲ್ಲಿ 'ನಾಡ್ಯೂಲ್' ಎಂದು ಓದಿದ ರಾತ್ರಿಯೇ ಊಟ ಬಿಡುತ್ತಾರೆ. ನಾನು ಪೆಥಾಲಜಿಸ್ಟ್, ರೋಗಿಗಳ ಮುಖಕ್ಕಿಂತ ಅವರ ಜೀವಕೋಶಗಳನ್ನು ಹೆಚ್ಚು ನೋಡಿದವಳು. ನನ್ನ ಮಟ್ಟಿಗೆ ಇಬ್ಬರ ತಪ್ಪೂ ಒಂದೇ. ಥೈರಾಯ್ಡ್ ಕ್ಯಾನ್ಸರಿನ ದಾರಿಯಲ್ಲಿ ಬರುವ ಒಂದೊಂದು ಪರೀಕ್ಷೆಯೂ ಒಂದೊಂದು ಪ್ರಶ್ನೆಗೆ ಮಾತ್ರ ಉತ್ತರ ಕೊಡುತ್ತದೆ. ಒಂದರ ಉತ್ತರವನ್ನು ಇನ್ನೊಂದರ ಉತ್ತರವೆಂದು ಓದಿಕೊಂಡಾಗಲೇ ಅನಗತ್ಯ ಭಯ, ಅನಗತ್ಯ ಆಪರೇಷನ್, ಕೆಲವೊಮ್ಮೆ ಅನಗತ್ಯ ವಿಳಂಬ ಹುಟ್ಟುವುದು.

ರಕ್ತಪರೀಕ್ಷೆ ಮತ್ತು ಸ್ಕ್ಯಾನಿಂಗ್

ಗ್ರಂಥಿ ಇರುವುದು ಕುತ್ತಿಗೆಯ ಮುಂಭಾಗದಲ್ಲಿ, ಶ್ವಾಸನಾಳಕ್ಕೆ ಅಂಟಿಕೊಂಡು. ತೂಕ 20 ಗ್ರಾಂ ಆಸುಪಾಸು. ಹಾಗೆ ಅಂಟಿಕೊಂಡಿರುವುದರಿಂದಲೇ ನುಂಗಿದಾಗ ಅದು ಮೇಲೆ ಹೋಗಿ ಕೆಳಗಿಳಿಯುತ್ತದೆ. ಕನ್ನಡಿ ಮುಂದೆ ನಿಂತು ಒಂದು ಗುಟುಕು ನೀರು ಕುಡಿದರೆ, ಗಂಟು ಥೈರಾಯ್ಡಿನದ್ದೋ ಬೇರೆಯದ್ದೋ ಎಂಬ ಅಂದಾಜು ಸಿಗುತ್ತದೆ. ಹೆಂಗಸರಲ್ಲಿ ಈ ಕ್ಯಾನ್ಸರ್ ಗಂಡಸರಿಗಿಂತ ಸುಮಾರು ಮೂರು ಪಟ್ಟು ಹೆಚ್ಚು. ನೋವು ಇರುವುದೇ ಇಲ್ಲ ಎನ್ನಬಹುದು, ಹಾಗಾಗಿ "ನೋವಿಲ್ಲ ಅಲ್ವಾ" ಎಂಬ ಸಮಾಧಾನಕ್ಕೆ ಬೆಲೆಯಿಲ್ಲ. ಗಂಟು ಕೆಲವೇ ವಾರಗಳಲ್ಲಿ ದೊಡ್ಡದಾಗುತ್ತಿದ್ದರೆ, ಧ್ವನಿ ಒಡೆದು ವಾರಗಟ್ಟಲೆ ಸರಿಹೋಗದಿದ್ದರೆ, ನುಂಗಲು ಉಸಿರಾಡಲು ಕಷ್ಟವಾದರೆ, ಕುತ್ತಿಗೆಯ ಬದಿಯಲ್ಲೂ ಗಂಟು ಕೈಗೆ ಸಿಕ್ಕರೆ ತಡ ಮಾಡಬಾರದು. ಚಿಕ್ಕಂದಿನಲ್ಲಿ ಕುತ್ತಿಗೆಗೆ ರೇಡಿಯೇಷನ್ ಆಗಿದ್ದವರು, ಮನೆಯಲ್ಲಿ ಯಾರಿಗಾದರೂ ಈ ಕ್ಯಾನ್ಸರ್ ಬಂದಿದ್ದವರು ಅದನ್ನು ವೈದ್ಯರಿಗೆ ಮೊದಲೇ ಹೇಳಬೇಕು.

ಮೊದಲ ಪರೀಕ್ಷೆ ಟಿಎಸ್‌ಎಚ್. ಥೈರಾಯ್ಡಿಗೆ 'ಕೆಲಸ ಮಾಡು' ಎಂದು ಮೆದುಳಿನಡಿಯ ಪಿಟ್ಯುಟರಿ ಗ್ರಂಥಿ ಕಳಿಸುವ ಹಾರ್ಮೋನು ಇದು. ಗ್ರಂಥಿ ಎಷ್ಟು ಕೆಲಸ ಮಾಡುತ್ತಿದೆ ಎಂಬುದಷ್ಟೇ ಇದಕ್ಕೆ ಗೊತ್ತು. "ಥೈರಾಯ್ಡ್ ಟೆಸ್ಟ್ ಮಾಡ್ಸಿದ್ವಿ, ನಾರ್ಮಲ್ ಬಂತು, ಹಾಗಾಗಿ ಗಂಟಿನ ಬಗ್ಗೆ ತಲೆ ಕೆಡಿಸಿಕೊಳ್ಳಲಿಲ್ಲ" ಎನ್ನುವವರು ತಿಂಗಳಿಗೆ ಒಬ್ಬರಾದರೂ ಸಿಗುತ್ತಾರೆ. ಥೈರಾಯ್ಡ್ ಕ್ಯಾನ್ಸರ್ ಇರುವ ಬಹುಪಾಲು ಜನರ ಟಿಎಸ್‌ಎಚ್ ನಾರ್ಮಲ್ಲೇ ಇರುತ್ತದೆ. ಅದು ತೀರ ಕಡಿಮೆ ಬಂದರೆ ಮಾತ್ರ ಕಥೆ ಬೇರೆ: ಗಂಟೇ ಹಾರ್ಮೋನ್ ಸುರಿಸುತ್ತಿರಬಹುದು. ಅಂಥ ಗಂಟಿನಲ್ಲಿ ಕ್ಯಾನ್ಸರ್ ಅಪರೂಪ, ಅದನ್ನು ಖಚಿತಪಡಿಸಲು ಬೇರೊಂದು ನ್ಯೂಕ್ಲಿಯರ್ ಸ್ಕ್ಯಾನ್ ಇದೆ.

ಆಮೇಲೆ ಕುತ್ತಿಗೆಯ ಅಲ್ಟ್ರಾಸೌಂಡ್. ಇದರ ಪ್ರಶ್ನೆ: ಈ ಗಂಟಿಗೆ ಸೂಜಿ ಹಾಕಿ ನೋಡಬೇಕೇ, ಬೇಡವೇ? ಅಷ್ಟೇ. ಗಂಟು ಸುತ್ತಲಿನ ಗ್ರಂಥಿಗಿಂತ ಕಪ್ಪಗೆ ಕಾಣುತ್ತದೆಯೇ, ಅಗಲಕ್ಕಿಂತ ಎತ್ತರ ಹೆಚ್ಚಿದೆಯೇ, ಅಂಚು ಒಡೆದಿದೆಯೇ, ಒಳಗೆ ಸುಣ್ಣದ ಸಣ್ಣ ಚುಕ್ಕೆಗಳಿವೆಯೇ ಎಂದು ನೋಡಿ ರೇಡಿಯಾಲಜಿಸ್ಟರು ಅಂಕ ಕೊಡುತ್ತಾರೆ. ರಿಪೋರ್ಟಿನ ಕೊನೆಯಲ್ಲಿ ಕಾಣುವ ಟೈರಾಡ್ಸ್ 1ರಿಂದ 5 ಎಂಬ ದರ್ಜೆ ಇದೇ. 5ನೇ ದರ್ಜೆಯದ್ದಾದರೆ 1 ಸೆಂಟಿಮೀಟರ್ ಇದ್ದರೂ ಸೂಜಿ ಪರೀಕ್ಷೆ ಬೇಕು. 4ಕ್ಕೆ ಒಂದೂವರೆ ಸೆಂಟಿಮೀಟರ್, 3ಕ್ಕೆ ಎರಡೂವರೆ. 1 ಮತ್ತು 2ಕ್ಕೆ ಬೇಡವೇ ಬೇಡ. ಗಾತ್ರಕ್ಕಿಂತ ಗಂಟಿನ ಲಕ್ಷಣ ಮುಖ್ಯ. ನೀರು ತುಂಬಿದ 4 ಸೆಂಟಿಮೀಟರಿನ ಗಂಟು ನಿರುಪದ್ರವಿಯಾಗಿದ್ದು, ಪಕ್ಕದ ಚಿಕ್ಕದೇ ತಂಟೆಯದ್ದಾಗಿರಬಹುದು.

ಹಾಗಾದರೆ ಎಲ್ಲರೂ ಒಮ್ಮೆ ಸ್ಕ್ಯಾನಿಂಗ್ ಮಾಡಿಸಿಕೊಂಡುಬಿಟ್ಟರೆ ಒಳ್ಳೆಯದಲ್ಲವೇ? ದಕ್ಷಿಣ ಕೊರಿಯಾದವರು ಹಾಗೇ ಮಾಡಿದರು. ಬೇರೆ ಕ್ಯಾನ್ಸರ್‌ಗಳ ತಪಾಸಣೆಯ ಜೊತೆ ಸ್ವಲ್ಪ ಹಣ ಸೇರಿಸಿದರೆ ಕುತ್ತಿಗೆಯನ್ನೂ ನೋಡುತ್ತಿದ್ದರು. 1993ರಿಂದ 2011ರ ಹೊತ್ತಿಗೆ ಅಲ್ಲಿ ಥೈರಾಯ್ಡ್ ಕ್ಯಾನ್ಸರ್ ಪತ್ತೆ 15 ಪಟ್ಟು ಏರಿತು. ಅದರಿಂದ ಸಾಯುವವರ ಸಂಖ್ಯೆ ಮಾತ್ರ ಇದ್ದಷ್ಟೇ ಇತ್ತು. ಅಂದರೆ ಜೀವಮಾನವಿಡೀ ಸುಮ್ಮನಿರುತ್ತಿದ್ದ ಸಣ್ಣ ಗಂಟುಗಳನ್ನು ಹುಡುಕಿ ಹುಡುಕಿ ತೆಗೆದಿದ್ದರು, ಸಾವಿರಾರು ಜನ ಸುಖಾಸುಮ್ಮನೆ ಥೈರಾಯ್ಡ್ ಹಾರ್ಮೋನಿನ ಮಾತ್ರೆಗೆ ಕಟ್ಟುಬಿದ್ದರು. 2014ರಲ್ಲಿ ಅಲ್ಲಿನ ವೈದ್ಯರೇ ಇದನ್ನು ಬಯಲಿಗೆ ತಂದ ಮೇಲೆ ಆಪರೇಷನ್‌ಗಳು ಮೂರನೇ ಒಂದು ಭಾಗದಷ್ಟು ಇಳಿದವು. ಯಾವ ತೊಂದರೆಯೂ ಇಲ್ಲದವರಿಗೆ ಥೈರಾಯ್ಡ್ ಸ್ಕ್ಯಾನಿಂಗ್ ಬೇಡ ಎಂದು ಅಮೆರಿಕದ ತಜ್ಞರ ಮಂಡಳಿಯೂ 2017ರಲ್ಲಿ ಹೇಳಿತು. ನಮ್ಮಲ್ಲಿ 'ಫುಲ್ ಬಾಡಿ ಚೆಕಪ್' ಎಂದು ಬರುವ ಜಾಹೀರಾತುಗಳನ್ನು ನೋಡಿದಾಗ ನನಗೆ ಈ ಕೊರಿಯಾ ನೆನಪಾಗುತ್ತದೆ.

ಸೂಜಿ ಪರೀಕ್ಷೆ

ಈ ಸೂಜಿ ಪರೀಕ್ಷೆಯ ಹೆಸರು ಎಫ್‌ಎನ್‌ಎಸಿ. ಹೆಸರು ಕೇಳಿದರೆ ಜನ ಮುಂದಿನ ಬೆಂಚಿನಿಂದ ಹಿಂದಿನ ಬೆಂಚಿಗೆ ಹೋಗಿ ಕೂರುತ್ತಾರೆ. ಹೊಸನಗರದ ಕಡೆಯ ಅಜ್ಜಿಯೊಬ್ಬರು ಮಂಚದ ಮೇಲೆ ಮಲಗಿಕೊಂಡೇ ಕೇಳಿದ್ದರು: "ಸೂಜಿ ಹಾಕಿರೆ ಗಡ್ಡೆ ಕೆರಳ್ತದಂತಲ್ಲ ಡಾಕ್ಟ್ರಮ್ಮ, ಹಂಗೇ ಬಿಟ್ರೆ ಆಗ್ದಾ?"

"ಕೆರಳೂದಿಲ್ಲ ಅಮ್ಮ. ರಕ್ತ ತೆಗೆಯೋ ಸೂಜಿಗಿಂತ ಸಣ್ಣ ಇದು. ಒಂದು ನಿಮಿಷ ಉಗುಳು ನುಂಗ್ಬೇಡಿ, ಮಾತಾಡ್ಬೇಡಿ, ಅಷ್ಟೆ."

"ಮಾತಾಡ್ದೆ ಇರೂದೇ ಕಷ್ಟ ಮಾರಾಯ್ತಿ."

ಥೈರಾಯ್ಡ್ ಗಂಟಿಗೆ ತೆಳು ಸೂಜಿ ಚುಚ್ಚಿದ್ದರಿಂದ ಕ್ಯಾನ್ಸರ್ ಹರಡುವುದು ತೀರ ತೀರ ಅಪರೂಪ. ಆ ಹೆದರಿಕೆಗೆ ಪರೀಕ್ಷೆ ಬಿಡುವಂತಿಲ್ಲ. ಅಲ್ಟ್ರಾಸೌಂಡಿನಲ್ಲಿ ನೋಡಿಕೊಂಡೇ ಸೂಜಿಯನ್ನು ಗಂಟಿನೊಳಗೆ ಬಿಟ್ಟು ಹಿಂದೆ ಮುಂದೆ ಆಡಿಸುತ್ತೇವೆ. ಸೂಜಿಯೊಳಗೆ ಏರಿದ ಒಂದು ಹನಿಯನ್ನು ಗಾಜಿನ ಸ್ಲೈಡಿನ ಮೇಲೆ ಬಿಟ್ಟು, ಇನ್ನೊಂದು ಸ್ಲೈಡಿನಿಂದ ಮೆಲ್ಲಗೆ ಎಳೆದು ಹರಡುತ್ತೇವೆ. ಕೆಲವನ್ನು ಗಾಳಿಗೆ ಒಣಗಿಸುತ್ತೇವೆ, ಕೆಲವನ್ನು ತಕ್ಷಣ ಆಲ್ಕೋಹಾಲಿಗೆ ಹಾಕುತ್ತೇವೆ. ಬಣ್ಣ ಹಾಕಿ ಮೈಕ್ರೋಸ್ಕೋಪಿನಡಿ ಇಟ್ಟಾಗ ಕೋಶಗಳ ಬೀಜಕೇಂದ್ರ ಕಣ್ಣಿಗೆ ಬೀಳುತ್ತದೆ. ಥೈರಾಯ್ಡ್ ಕ್ಯಾನ್ಸರಿನಲ್ಲಿ ಶೇ 80ಕ್ಕೂ ಹೆಚ್ಚು ಪ್ಯಾಪಿಲರಿ ಎಂಬ ಬಗೆ, ಅದರ ಗುರುತು ಇಲ್ಲೇ ಇದೆ. ಬೀಜಕೇಂದ್ರ ಉಬ್ಬಿ, ಬಿಳಿಚಿಕೊಂಡು, ಒಂದರ ಮೇಲೊಂದು ಹತ್ತಿ ಕೂತಿರುತ್ತದೆ. ನಡುವೆ ಉದ್ದಕ್ಕೊಂದು ಗೀರು, ಥೇಟ್ ಕಾಫಿ ಬೀಜದ ಹೊಟ್ಟೆಯ ಗೀರಿನ ಹಾಗೆ. ನಮ್ಮ ಪಠ್ಯಪುಸ್ತಕಗಳೂ ಕಾಫಿ ಬೀಜವೆಂದೇ ಬರೆಯುತ್ತವೆ, ಮಲೆನಾಡಿನ ವಿದ್ಯಾರ್ಥಿಗಳಿಗೆ ಎರಡನೇ ಸಲ ಹೇಳಬೇಕಾಗಿಲ್ಲ.

ರಿಪೋರ್ಟ್ ಬರೆಯುವುದು ಬೆಥೆಸ್ಡಾ ಎಂಬ ಪದ್ಧತಿಯಲ್ಲಿ, ಆರು ದರ್ಜೆ. 1 ಎಂದರೆ ಸಾಕಷ್ಟು ಕೋಶ ಸಿಗಲಿಲ್ಲ, ಮತ್ತೆ ಮಾಡಿಸಿ ಎಂದು. ಇದನ್ನು 'ಏನೂ ಇಲ್ಲ' ಎಂದು ಓದಿಕೊಂಡು ಮನೆಗೆ ಹೋದವರನ್ನು ಹುಡುಕಿಸಿ ಕರೆಸಬೇಕಾಗುತ್ತದೆ. 2 ನಿರುಪದ್ರವಿ, ಕ್ಯಾನ್ಸರ್ ಸಾಧ್ಯತೆ ಶೇ 5ಕ್ಕಿಂತ ಕಡಿಮೆ. 6 ಕ್ಯಾನ್ಸರ್, ಅನುಮಾನವೇ ಬೇಡ ಎನ್ನುವಷ್ಟು; 5 ಬಲವಾದ ಅನುಮಾನ. ತೊಡಕಿರುವುದು ನಡುವಿನ 3 ಮತ್ತು 4ರಲ್ಲಿ. ಅಲ್ಲಿ ಕ್ಯಾನ್ಸರ್ ಹೊರಬರುವುದು ಸರಿಸುಮಾರು ನಾಲ್ಕರಲ್ಲಿ ಒಬ್ಬರಿಗೆ.

ಆ ತೊಡಕಿಗೆ ಕಾರಣ ನಮ್ಮ ಕಣ್ಣಿನ ಕೊರತೆಯಲ್ಲ. ಫಾಲಿಕ್ಯುಲರ್ ಎಂಬ ಬಗೆಯ ಗಂಟಿನಲ್ಲಿ ಕ್ಯಾನ್ಸರ್ ಕೋಶವೂ ನಿರುಪದ್ರವಿ ಕೋಶವೂ ಒಂದೇ ತರಹ ಕಾಣುತ್ತವೆ. ಗಂಟಿನ ಸುತ್ತ ಇರುವ ತೆಳುಪೊರೆಯನ್ನು ಅವು ಭೇದಿಸಿ ಹೊರಟಿವೆಯೇ, ರಕ್ತನಾಳದೊಳಗೆ ನುಗ್ಗಿವೆಯೇ ಎಂಬುದರ ಮೇಲೆ ಕ್ಯಾನ್ಸರೋ ಅಲ್ಲವೋ ಎಂಬ ತೀರ್ಮಾನ. ಸೂಜಿಗೆ ಸಿಗುವುದು ಕೋಶಗಳು, ಪೊರೆಯಲ್ಲ. ಪೊರೆ ನೋಡಬೇಕೆಂದರೆ ಗಂಟಿರುವ ಅರ್ಧ ಗ್ರಂಥಿಯನ್ನೇ ತೆಗೆದು ಪೂರ್ತಿ ಪರೀಕ್ಷಿಸಬೇಕು. "ಕ್ಯಾನ್ಸರ್ ಹೌದೋ ಅಲ್ವೋ ಹೇಳ್ದೆ ಆಪರೇಷನ್ ಮಾಡಿ ಅಂತಾರಲ್ಲ" ಎಂದು ಸಿಟ್ಟಾಗುವವರಿದ್ದಾರೆ. ಇಂಥವರಿಗೆ ಆಪರೇಷನ್ನೇ ಪರೀಕ್ಷೆ. 3ನೇ ದರ್ಜೆಗೆ ಸಾಮಾನ್ಯವಾಗಿ ಮತ್ತೊಮ್ಮೆ ಸೂಜಿ ಹಾಕಿ ನೋಡುತ್ತಾರೆ; ಜೀನ್ ಪರೀಕ್ಷೆಗಳೂ ಇವೆ, ದುಬಾರಿ.

ಅರ್ಧವೋ, ಪೂರ್ತಿಯೋ

ಥೈರಾಯ್ಡ್ ಆಪರೇಷನ್ನಿಗೆ ದಾರಿ ತೋರಿದವರು ಥಿಯೋಡೋರ್ ಕೋಖರ್, ಸ್ವಿಟ್ಜರ್ಲೆಂಡಿನ ಬರ್ನ್‌ನವರು. ಅದೂ ಗುಡ್ಡಗಳ ನಾಡು, ಅಯೋಡಿನ್ ಕೊರತೆಯ ಗಳಗಂಡ ಅಲ್ಲೂ ಮನೆಮನೆಯದ್ದೇ. ರಕ್ತಸ್ರಾವಕ್ಕೆ ಹೆದರಿ ಯಾರೂ ಮುಟ್ಟದ ಕಾಲದಲ್ಲಿ ಅವರು ಸಾವಿನ ಪ್ರಮಾಣವನ್ನು ಶೇ 1ಕ್ಕಿಂತ ಕೆಳಗಿಳಿಸಿದರು, 1909ರಲ್ಲಿ ನೊಬೆಲ್ ಪಡೆದರು. ಗ್ರಂಥಿಯನ್ನು ಪೂರ್ತಿ ತೆಗೆದವರು ಆಮೇಲೆ ಊದಿಕೊಂಡು ಮಂಕಾಗುತ್ತಾರೆ ಎಂದು 1883ರಲ್ಲೇ ವರದಿ ಮಾಡಿದವರೂ ಅವರೇ. ಆಗ ಮಾತ್ರೆ ಇರಲಿಲ್ಲ. ಈಗ ಇದೆ, ಆದರೂ ಎಷ್ಟು ತೆಗೆಯಬೇಕು ಎಂಬ ಪ್ರಶ್ನೆ ಹೋಗಿಲ್ಲ.

ಹಿಂದೆ ಕ್ಯಾನ್ಸರ್ ಎಂದರೆ ಪೂರ್ತಿ ಗ್ರಂಥಿ ತೆಗೆಯುವುದೇ ರೂಢಿ. 2015ರ ಅಮೆರಿಕನ್ ಥೈರಾಯ್ಡ್ ಅಸೋಸಿಯೇಷನ್ ಮಾರ್ಗಸೂಚಿ ಬಂದ ಮೇಲೆ, 4 ಸೆಂಟಿಮೀಟರ್ ಒಳಗಿದ್ದು ಗ್ರಂಥಿಯಿಂದಾಚೆ ಹೋಗದ, ಗ್ರಂಥಿಕಟ್ಟುಗಳಿಗೆ (ಲಿಂಫ್ ನೋಡ್) ಹರಡದ ಗಂಟಿಗೆ ಅರ್ಧ ತೆಗೆದರೂ ಸಾಕಾಗಬಹುದು ಎಂಬ ಮಾತು ನೆಲೆ ನಿಂತಿದೆ. 1 ಸೆಂಟಿಮೀಟರಿಗಿಂತ ಚಿಕ್ಕ ಪ್ಯಾಪಿಲರಿ ಕ್ಯಾನ್ಸರನ್ನು ಆಪರೇಷನ್ನೇ ಮಾಡದೆ, ಆಗಾಗ ಸ್ಕ್ಯಾನ್ ಮಾಡುತ್ತ ಕಾಯುವ ಕ್ರಮವನ್ನು ಜಪಾನಿನ ಕೋಬೆಯ ಕುಮಾ ಆಸ್ಪತ್ರೆ 1993ರಲ್ಲಿ ಶುರು ಮಾಡಿತು. ಬಹುಪಾಲು ಗಂಟುಗಳು ಬೆಳೆಯಲೇ ಇಲ್ಲ. ಇದು ಎಲ್ಲರಿಗೂ ಹೊಂದುವ ಮಾತಲ್ಲ. ತಪ್ಪದೆ ಸ್ಕ್ಯಾನಿಂಗಿಗೆ ಬರುವವರಿಗೆ, ಗಂಟು ಶ್ವಾಸನಾಳಕ್ಕೋ ಧ್ವನಿಯ ನರಕ್ಕೋ ತಾಗದಿರುವವರಿಗೆ ಮಾತ್ರ. ಮಳೆಗಾಲದಲ್ಲಿ ನಾಲ್ಕು ತಿಂಗಳು ಊರು ಬಿಟ್ಟು ಹೊರಡದವರಿಗೆ ನಾನಂತೂ ಧೈರ್ಯವಾಗಿ ಹೇಳಲಾರೆ.

ಗ್ರಂಥಿಯ ಬೆನ್ನಿಗೇ ಎರಡು ಸೂಕ್ಷ್ಮ ವಸ್ತುಗಳಿವೆ. ಒಂದು, ಧ್ವನಿಪೆಟ್ಟಿಗೆಗೆ ಹೋಗುವ ನರ, ಎರಡೂ ಬದಿಗೆ ಒಂದೊಂದು. ಅದಕ್ಕೆ ಪೆಟ್ಟಾದರೆ ದನಿ ಗೊಗ್ಗರಾಗುತ್ತದೆ, ಹೆಚ್ಚಿನವರಿಗೆ ಕೆಲವು ತಿಂಗಳಲ್ಲಿ ಸರಿಯಾಗುತ್ತದೆ. ಇನ್ನೊಂದು, ಪ್ಯಾರಾಥೈರಾಯ್ಡ್ ಎಂಬ ನಾಲ್ಕು ಪುಟ್ಟ ಗ್ರಂಥಿಗಳು; ರಕ್ತದ ಕ್ಯಾಲ್ಸಿಯಂ ಕಾಯುವುದು ಅವುಗಳ ಕೆಲಸ. ಪೂರ್ತಿ ಥೈರಾಯ್ಡ್ ತೆಗೆದ ಮರುದಿನ ತುಟಿಯ ಸುತ್ತ, ಬೆರಳ ತುದಿಯಲ್ಲಿ ಜುಮ್ಮೆಂದರೆ ತಕ್ಷಣ ನರ್ಸಿಗೆ ಹೇಳಬೇಕು, ಅದು ಕ್ಯಾಲ್ಸಿಯಂ ಇಳಿದದ್ದರ ಸೂಚನೆ. ಈ ಕಾರಣಕ್ಕೇ ಸರ್ಜನರಿಗೆ "ವರ್ಷಕ್ಕೆ ಎಷ್ಟು ಥೈರಾಯ್ಡ್ ಆಪರೇಷನ್ ಮಾಡ್ತೀರಿ ಸರ್" ಎಂದು ಕೇಳುವುದರಲ್ಲಿ ತಪ್ಪೇನಿಲ್ಲ. ಕೈ ಪಳಗಿದಷ್ಟೂ ತೊಂದರೆ ಕಡಿಮೆ.

ತೆಗೆದದ್ದು ಮತ್ತೆ ನಮ್ಮ ಬಳಿಗೇ ಬರುತ್ತದೆ. ಯಾವ ಬಗೆ, ಎಷ್ಟು ದೊಡ್ಡದು, ಪೊರೆ ದಾಟಿದೆಯೇ, ಎಷ್ಟು ಗ್ರಂಥಿಕಟ್ಟುಗಳಲ್ಲಿ ಇದೆ ಎಂದು ಬರೆಯುತ್ತೇವೆ. ಹಂತ ನಿರ್ಧರಿಸುವಾಗ ಥೈರಾಯ್ಡಿಗೆ ಬೇರೆಲ್ಲೂ ಕಾಣದ ಒಂದು ನಿಯಮವಿದೆ: ಪ್ಯಾಪಿಲರಿ, ಫಾಲಿಕ್ಯುಲರ್ ಬಗೆಗಳಲ್ಲಿ ರೋಗಿಯ ವಯಸ್ಸು 55ಕ್ಕಿಂತ ಕಡಿಮೆಯಿದ್ದರೆ ಹಂತ ಒಂದೋ ಎರಡೋ, ಅಷ್ಟೇ. ಶ್ವಾಸಕೋಶಕ್ಕೆ ಹರಡಿದ್ದರೂ ಎರಡೇ. ಕುತ್ತಿಗೆಯ ಗ್ರಂಥಿಕಟ್ಟುಗಳಿಗೆ ಹರಡಿದ ಮೂವತ್ತರ ಹೆಣ್ಣುಮಗಳು 'ಮೊದಲ ಹಂತ' ಎಂಬುದನ್ನು ಓದಿ ರಿಪೋರ್ಟ್ ತಪ್ಪಾಗಿದೆ ಎಂದುಕೊಳ್ಳಬೇಕಿಲ್ಲ. ಪ್ಯಾಪಿಲರಿ ಕ್ಯಾನ್ಸರಿನಲ್ಲಿ ಹತ್ತು ವರ್ಷದ ನಂತರವೂ ಬದುಕಿರುವವರು ಶೇ 90ಕ್ಕಿಂತ ಹೆಚ್ಚು.

ಅಯೋಡಿನ್ನೇ ಮದ್ದಾಗುವುದು

ಮಳೆನಾಡಿನ ಜನರ ಕುತ್ತಿಗೆ ಉಬ್ಬಿಸಿದ ಅದೇ ಹಸಿವನ್ನು ಚಿಕಿತ್ಸೆಗೂ ಬಳಸುತ್ತಾರೆ. ಮೈಯಲ್ಲಿ ಅಯೋಡಿನ್ ಹೀರಿ ಕೂಡಿಡುವುದರಲ್ಲಿ ಥೈರಾಯ್ಡ್ ಕೋಶಕ್ಕೆ ಸಾಟಿಯಿಲ್ಲ, ಮತ್ತು ಪ್ಯಾಪಿಲರಿ, ಫಾಲಿಕ್ಯುಲರ್ ಕ್ಯಾನ್ಸರ್ ಕೋಶಗಳು ಎಲ್ಲಿಗೆ ಹೋದರೂ ಈ ಗುಣವನ್ನು ಸಾಮಾನ್ಯವಾಗಿ ಉಳಿಸಿಕೊಂಡಿರುತ್ತವೆ. ವಿಕಿರಣ ಸೂಸುವ ಅಯೋಡಿನ್-131ನ್ನು ಕ್ಯಾಪ್ಸೂಲಾಗಿಯೋ ದ್ರವವಾಗಿಯೋ ನುಂಗಿಸಿದರೆ ಕೋಶಗಳು ಅದನ್ನೂ ಹೀರುತ್ತವೆ, ಅದರ ಬೀಟಾ ಕಣಗಳು ಒಂದೆರಡು ಮಿಲಿಮೀಟರ್ ದೂರದೊಳಗೆ ಸುಡುತ್ತವೆ. ಎಂಟು ದಿನಕ್ಕೊಮ್ಮೆ ಅದರ ಶಕ್ತಿ ಅರ್ಧಕ್ಕಿಳಿಯುತ್ತದೆ. ಇದು ಎಲ್ಲರಿಗೂ ಬೇಕಾಗಿಲ್ಲ. ಚಿಕ್ಕ, ಹರಡದ ಗಂಟಿಗೆ ಆಪರೇಷನ್ನೇ ಸಾಕು. ಅರ್ಧ ಗ್ರಂಥಿ ಉಳಿಸಿಕೊಂಡವರಿಗೆ ಇದನ್ನು ಕೊಡುವುದಿಲ್ಲ.

ಮದ್ದು ಹಿಡಿಯಬೇಕಾದರೆ ಕೋಶ ಹಸಿದಿರಬೇಕು. ಅದಕ್ಕೆ ಥೈರಾಯ್ಡ್ ಹಾರ್ಮೋನಿನ ಮಾತ್ರೆಯನ್ನು ಮೂರು ನಾಲ್ಕು ವಾರ ನಿಲ್ಲಿಸಿ ಟಿಎಸ್‌ಎಚ್ 30 ದಾಟಿಸುತ್ತಾರೆ, ಇಲ್ಲವೇ ಟಿಎಸ್‌ಎಚ್‌ನದ್ದೇ ದುಬಾರಿ ಇಂಜೆಕ್ಷನ್ ಕೊಡುತ್ತಾರೆ. ಮಾತ್ರೆ ನಿಲ್ಲಿಸಿದ ಆ ವಾರಗಳು ನಿಜಕ್ಕೂ ಬೇಸರದವು: ಸುಸ್ತು, ಚಳಿ, ಮಲಬದ್ಧತೆ, ಸುಮ್ಮನೆ ಅಳು. ಮನೆಯವರಿಗೆ ಮೊದಲೇ ತಿಳಿಸಿಡುವುದು ಒಳ್ಳೆಯದು. ಕೊನೆಯ ಒಂದೆರಡು ವಾರ ಅಯೋಡಿನ್ ಕಡಿಮೆಯ ಪಥ್ಯ. ಅಯೋಡಿನ್ ಬೆರೆಸಿದ ಉಪ್ಪು, ಬಂಗುಡೆ ಮುಂತಾದ ಸಮುದ್ರದ ಮೀನು, ಮೊಟ್ಟೆ, ಹಾಲು ಮೊಸರು ಬಿಡಬೇಕು. ಅನ್ನ, ಹಣ್ಣು, ತರಕಾರಿ, ಬೇಳೆ ಸಾರು ಆಗಬಹುದು, ಅಯೋಡಿನ್ ಇಲ್ಲದ ಉಪ್ಪು ಹಾಕಿದರೆ. ಯಾವ ಉಪ್ಪಿನಲ್ಲಿ ಹಾಕಿದ್ದೆಂದು ಗೊತ್ತಿಲ್ಲದ ಅಪ್ಪೆಮಿಡಿ ಉಪ್ಪಿನಕಾಯಿ, ಹೋಟೆಲ್ ತಿಂಡಿ, ಬೇಕರಿ ಪೊಟ್ಟಣ ಆ ದಿನಗಳ ಮಟ್ಟಿಗೆ ದೂರ. 'ಕಲ್ಲುಪ್ಪು ತಾನೆ' ಎಂದು ನಂಬಬಾರದು. ಅಯೋಡಿನ್ ಸೇರಿಸಿದ ಕಲ್ಲುಪ್ಪೂ ಅಂಗಡಿಯಲ್ಲಿದೆ, ಪೊಟ್ಟಣ ಓದಬೇಕು.

ಹೆಚ್ಚಿನ ಡೋಸ್ ಕೊಡುವುದು ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಒಪ್ಪಿಗೆ ಇರುವ ಪ್ರತ್ಯೇಕ ವಾರ್ಡುಗಳಲ್ಲಿ. ಒಬ್ಬರೇ ಇರಬೇಕು, ಚೆನ್ನಾಗಿ ನೀರು ಕುಡಿಯಬೇಕು. ಅಲ್ಲಿನ ಶೌಚದ ನೀರನ್ನು ಸಹ ವಿಕಿರಣ ಇಳಿಯುವ ತನಕ ತೊಟ್ಟಿಯಲ್ಲಿ ಹಿಡಿದಿಟ್ಟು ಆಮೇಲೆ ಬಿಡುತ್ತಾರೆ. ಬೆಂಗಳೂರಿನಂಥ ಊರಿನಲ್ಲಿ ಚಿಕಿತ್ಸೆ ಮುಗಿಸಿ ಶಿವಮೊಗ್ಗಕ್ಕೆ ಬರುವವರಿಗೆ ಸುಮಾರು 300 ಕಿಲೋಮೀಟರ್ ಪ್ರಯಾಣ. ರಾತ್ರಿ ಬಸ್ಸಿನಲ್ಲಿ ಪಕ್ಕದ ಸೀಟಿನಲ್ಲಿ ಬಸುರಿಯೋ ಮಗುವೋ ಕೂತಿರಬಹುದು. ಯಾವ ದಿನದಿಂದ ಬಸ್ಸು ಹತ್ತಬಹುದು, ಎಷ್ಟು ದಿನ ಬೇರೆ ಮಲಗಬೇಕು, ಮೊಮ್ಮಗುವನ್ನು ಯಾವಾಗ ಎತ್ತಿಕೊಳ್ಳಬಹುದು ಎಂಬುದನ್ನು ಡಿಸ್ಚಾರ್ಜಿಗೆ ಮುಂಚೆ ಬರೆಸಿಕೊಳ್ಳಬೇಕು. ಬಸುರಿಯರಿಗೆ ಈ ಚಿಕಿತ್ಸೆ ಕೂಡದು, ಎದೆಹಾಲು ನಿಲ್ಲಿಸಿರಬೇಕು, ಆಮೇಲೂ ಆರರಿಂದ ಹನ್ನೆರಡು ತಿಂಗಳು ಬಸಿರು ಮುಂದೂಡಬೇಕು.

ಮಾತ್ರೆ ಮತ್ತು ಬೆಳಗಿನ ಕಾಫಿ

ಪೂರ್ತಿ ಗ್ರಂಥಿ ಹೋದವರಿಗೆ ಆ ಹಾರ್ಮೋನಿನ ಮಾತ್ರೆ, ಲಿವೋಥೈರಾಕ್ಸಿನ್, ಜೀವನಪೂರ್ತಿ. ಅರ್ಧ ಉಳಿದವರಲ್ಲಿ ಎಷ್ಟೋ ಜನರಿಗೆ ಬೇಡವಾಗುತ್ತದೆ. ಖಾಲಿ ಹೊಟ್ಟೆಯಲ್ಲಿ ನೀರಿನ ಜೊತೆ ನುಂಗಿ ಅರ್ಧದಿಂದ ಒಂದು ಗಂಟೆ ಏನೂ ತಗೊಳ್ಳಬಾರದು. ಏನೂ ಎಂದರೆ ಕಾಫಿಯೂ ಸೇರಿ, ಕಾಫಿ ಕುಡಿದರೆ ಮೈ ಆ ಮಾತ್ರೆಯನ್ನು ಸರಿಯಾಗಿ ಹೀರಿಕೊಳ್ಳುವುದಿಲ್ಲ. ಹಾಸಿಗೆಯಿಂದ ಎದ್ದವರಿಗೆ ಮೊದಲು ಫಿಲ್ಟರಿನ ನೆನಪಾಗುವ ಈ ಸೀಮೆಯಲ್ಲಿ ಡೋಸ್ ಏರಿಸಿದರೂ ಟಿಎಸ್‌ಎಚ್ ಇಳಿಯದಿದ್ದರೆ ವೈದ್ಯರು ಮೊದಲು ವಿಚಾರಿಸಬೇಕಾದ್ದು ಇದನ್ನೇ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗಳಿಗೂ ಇದಕ್ಕೂ ನಾಲ್ಕು ಗಂಟೆ ಅಂತರ ಬೇಕು. ಕ್ಯಾನ್ಸರ್ ಮರುಕಳಿಸುವ ಅಪಾಯ ಹೆಚ್ಚಿದ್ದವರಿಗೆ ಟಿಎಸ್‌ಎಚ್ ಬೇಕೆಂದೇ ಕೆಳಗಿರುವಂತೆ ಡೋಸ್ ಕೊಡುತ್ತಾರೆ, ಯಾಕೆಂದರೆ ಟಿಎಸ್‌ಎಚ್ ಉಳಿದ ಕೋಶಗಳನ್ನು ಬೆಳೆಸುತ್ತದೆ. ಇದನ್ನು ತಿಳಿಯದ ಬೇರೆ ವೈದ್ಯರು "ಡೋಸ್ ಜಾಸ್ತಿಯಾಗಿದೆ" ಎಂದು ಇಳಿಸಿಬಿಡುವುದುಂಟು. ಹಳೆಯ ಚೀಟಿ ತೋರಿಸಿ.

ಆಮೇಲಿನ ಕಾವಲಿಗೆ ಕುತ್ತಿಗೆಯ ಸ್ಕ್ಯಾನಿಂಗ್ ಮತ್ತು ಥೈರೋಗ್ಲಾಬ್ಯುಲಿನ್ ಎಂಬ ರಕ್ತಪರೀಕ್ಷೆ. ಆ ಪ್ರೋಟೀನು ಥೈರಾಯ್ಡ್ ಕೋಶದಲ್ಲಷ್ಟೇ ಹುಟ್ಟುವುದರಿಂದ, ಗ್ರಂಥಿಯೆಲ್ಲ ಹೋದ ಮೇಲೂ ಅದು ಏರುತ್ತಿದ್ದರೆ ಎಲ್ಲೋ ಕೋಶ ಉಳಿದಿದೆ ಎಂದರ್ಥ. ಜೊತೆಗೆ ಅದರ ಆಂಟಿಬಾಡಿಯನ್ನೂ ನೋಡಬೇಕು, ಇದ್ದರೆ ಲೆಕ್ಕ ತಪ್ಪುತ್ತದೆ.

ಇಷ್ಟೂ ಹೇಳಿದ್ದು ಸೌಮ್ಯ ಬಗೆಗಳ ಬಗ್ಗೆ. ಮೆಡುಲರಿ ಎಂಬ ಬಗೆ ಬೇರೆ ಕೋಶದಿಂದ ಬರುತ್ತದೆ, ಅಯೋಡಿನ್ ಹೀರುವುದಿಲ್ಲ; ಅದನ್ನು ಕ್ಯಾಲ್ಸಿಟೋನಿನ್ ಎಂಬ ರಕ್ತಪರೀಕ್ಷೆಯಲ್ಲಿ ಹಿಡಿಯುತ್ತಾರೆ. ಸುಮಾರು ನಾಲ್ಕರಲ್ಲೊಂದು ವಂಶಪಾರಂಪರ್ಯ, ಆರ್‌ಇಟಿ ಜೀನಿನ ದೋಷ. ಒಬ್ಬರಿಗೆ ಬಂದರೆ ಅಣ್ಣತಮ್ಮ, ಅಕ್ಕತಂಗಿ, ಮಕ್ಕಳನ್ನೂ ಪರೀಕ್ಷಿಸಬೇಕು. ಅನಾಪ್ಲಾಸ್ಟಿಕ್ ಬಗೆ ಅಪರೂಪ, ಹೆಚ್ಚಾಗಿ ವಯಸ್ಸಾದವರಿಗೆ, ವಾರಗಳಲ್ಲಿ ಬೆಳೆದು ಉಸಿರು ಕಟ್ಟಿಸುತ್ತದೆ. ಅದಕ್ಕೆ ಮಾತ್ರ ಒಂದೊಂದು ದಿನವೂ ಲೆಕ್ಕ. ಬಿಆರ್‌ಎಎಫ್ ಎಂಬ ಜೀನಿನ ದೋಷ ಇದ್ದವರಿಗೆ ಡಬ್ರಾಫೆನಿಬ್, ಟ್ರಾಮೆಟಿನಿಬ್ ಮಾತ್ರೆಗಳ ಜೋಡಿ ಈಗ ಸ್ವಲ್ಪ ಕಾಲವನ್ನಾದರೂ ಗಳಿಸಿಕೊಡುತ್ತಿದೆ. ಅಯೋಡಿನ್ನಿಗೆ ಬಗ್ಗದ ಪ್ಯಾಪಿಲರಿ, ಫಾಲಿಕ್ಯುಲರ್ ಬಗೆಗಳಿಗೆ ಲೆನ್ವಾಟಿನಿಬ್, ಸೊರಾಫೆನಿಬ್ ಇವೆ.

ಖರ್ಚಿನ ವಿಚಾರ. ಬಿಪಿಎಲ್ ಕಾರ್ಡಿನವರಿಗೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿ ತನಕ ಚಿಕಿತ್ಸೆ ಸಿಗುತ್ತದೆ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30. ಶಿವಮೊಗ್ಗದಲ್ಲಿ ಮೆಗ್ಗಾನ್ ಆಸ್ಪತ್ರೆಯಿಂದ ಶುರು ಮಾಡಿದರೆ, ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೋ ಬೇರೆ ಆಸ್ಪತ್ರೆಗೋ ಹೋಗಬೇಕಾಗಿ ಬಂದಾಗ ರೆಫರಲ್ ಚೀಟಿಯೂ ಅಲ್ಲೇ ಕೇಳಿ ಪಡೆಯಬಹುದು.

ಹಾಗೆ ಹೋಗುವಾಗ ರಿಪೋರ್ಟಿನ ಜೆರಾಕ್ಸ್ ಮಾತ್ರ ಒಯ್ಯಬೇಡಿ. ಮೊದಲು ಪರೀಕ್ಷೆ ಮಾಡಿದ ಲ್ಯಾಬಿಗೆ ಒಂದು ಅರ್ಜಿ ಬರೆದುಕೊಟ್ಟು ಸ್ಲೈಡುಗಳನ್ನೂ, ಆಪರೇಷನ್ ಆಗಿದ್ದರೆ ತೆಗೆದ ಗಂಟಿನ ತುಂಡುಗಳನ್ನು ಇಟ್ಟಿರುವ ಮೇಣದ ಬ್ಲಾಕುಗಳನ್ನೂ ಕೇಳಿ ತೆಗೆದುಕೊಳ್ಳಿ. ನೀವು ಹೋಗುವ ಆಸ್ಪತ್ರೆಯ ಪೆಥಾಲಜಿಸ್ಟ್ ತಮ್ಮ ಕಣ್ಣಿನಿಂದ ಮತ್ತೊಮ್ಮೆ ನೋಡದೆ ಚಿಕಿತ್ಸೆ ಮುಂದುವರಿಯುವುದಿಲ್ಲ, ಸ್ಲೈಡ್ ಮರೆತು ಹೋದವರು ಅದಕ್ಕೆಂದೇ ಇನ್ನೊಂದು ಸಲ ಬಂದು ಹೋಗುತ್ತಾರೆ. ಸ್ಲೈಡನ್ನು ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿಟ್ಟು ಕೈಚೀಲದಲ್ಲೇ ಇಟ್ಟುಕೊಳ್ಳಿ, ಬಸ್ಸಿನ ಡಿಕ್ಕಿಯಲ್ಲಿ ಹಾಕಿದರೆ ಒಡೆಯುತ್ತದೆ. ಬ್ಲಾಕ್ ಬಿಸಿಲಿಗೆ ಕರಗುತ್ತದೆ, ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಇಡಬೇಡಿ.